ಮುಚ್ಚಳ ಇಟ್ಟು ಕಲಿಸಿದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ಆಸ್ಪತ್ರೆ ಸಿಬ್ಬಂದಿಯ ಮೊಬೈಲ್ ಗ್ರೂಪಿನಲ್ಲಿ ಬಂದಾಗ ನಾನು ಕಮರಿಪೇಟೆಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕೈ ತೊಳೆದು ಬಂದು ಮೊಬೈಲ್ ಹಿಡಿಯುವಷ್ಟರಲ್ಲಿ ಹತ್ತಿಪ್ಪತ್ತು ಜನ ಕೈಮುಗಿದ ಚಿತ್ರ ಹಾಕಿಯಾಗಿತ್ತು. ‘ಶಾಂತ ಸ್ವಭಾವದವರು’ ಎಂದು ಒಬ್ಬರು ಬರೆದಿದ್ದರು. ‘ಸದಾ ನಗುಮುಖದ ಹಿರಿಯರು’ ಎಂದು ಇನ್ನೊಬ್ಬರು. ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಅಕ್ಕೋರು ಶಾಂತರೇ? ಅವರ ನಗುಮುಖ ಕಂಡವರು ಯಾರು? ಸತ್ತವರಿಗೆ ಸುಣ್ಣ ಬಳಿಯುವ ಚಾಳಿ ನಮ್ಮ ಜನಕ್ಕೆ ಎಲ್ಲಿಂದ ಬಂತೋ. ಅಕ್ಕೋರು ಮುಂಗೋಪಿ, ಹಟಮಾರಿ, ಎದುರಿಗಿದ್ದವರನ್ನು ಅಳಿಸಿ ಆಮೇಲೆ ಒಂದು ಲೋಟ ನೀರು ಮುಂದಿಡುವಂಥವರು. ಅವರಷ್ಟು ದೊಡ್ಡ ಮನುಷ್ಯರನ್ನೂ ನಾನು ಕಂಡಿಲ್ಲ. ಎರಡೂ ಮಾತು ನಿಜವಾದ್ದರಿಂದ ಇದನ್ನು ಬರೆಯಬೇಕೆನಿಸಿತು.

ಅಕ್ಕೋರು ಎನ್ನುವುದು ಅವರ ಹೆಸರಲ್ಲ. ಬಹಳ ಹಿಂದೆ ಯಾವುದೋ ಶಾಲೆಯಲ್ಲಿ ಕೆಲವು ವರ್ಷ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದರಂತೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ಶಾಲೆ ಬಿಟ್ಟು ಹುಬ್ಬಳ್ಳಿಯ ಈ ಕಣ್ಣಿನ ಧರ್ಮಾಸ್ಪತ್ರೆಗೆ ಗುಮಾಸ್ತೆಯಾಗಿ ಬಂದರೂ ಆ ಹೆಸರು ಬಿಡಲಿಲ್ಲ. ಗಿಡ್ಡ ದೇಹ, ನೂಲಿನ ಸೀರೆ, ಕನ್ನಡಕಕ್ಕೆ ಕಟ್ಟಿಕೊಂಡ ಕರಿ ದಾರ. ಮದುವೆ ಆಗಿರಲಿಲ್ಲ. ಬೈರಿದೇವರಕೊಪ್ಪದಲ್ಲಿ ತಂಗಿಯ ಮನೆಯಲ್ಲಿದ್ದರು. ಐವತ್ತು ದಾಟಿದ ಮೇಲೆ, ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ, ಯಾರೂ ಹೇಳದೆ ತಾವೇ ಪುಸ್ತಕ ತಂದು ಓದಿ, ಅದರೊಳಗಿನ ಮಾಹಿತಿಯನ್ನು ಕೇಳಿ ತೆಗೆಯುವ ಭಾಷೆಯನ್ನು ಕಲಿತಿದ್ದರು. ಎಸ್‌ಕ್ಯೂಎಲ್ ಎಂದು ಅದರ ಹೆಸರು. ಇಂಥ ಊರಿನ ರೋಗಿಗಳೆಷ್ಟು, ಶಸ್ತ್ರಚಿಕಿತ್ಸೆಗೆ ಯಾರ ಸರದಿ, ಯಾರು ಮರುತಪಾಸಣೆಗೆ ಬಂದಿಲ್ಲ ಎಂದು ಡಾಕ್ಟರರು ಕೇಳಿದರೆ ಅಕ್ಕೋರು ಎರಡು ಸಾಲು ಬರೆದು ಉತ್ತರ ತೆಗೆದುಕೊಡುತ್ತಿದ್ದರು.

ಸಿಟ್ಟು ಬಂದಾಗ ಅವರಿಗೆ ಮರ್ಯಾದೆ ಹೆಚ್ಚಾಗುತ್ತಿತ್ತು. ಮನಸ್ಸು ಸರಿಯಿದ್ದರೆ ನನ್ನನ್ನು ‘ನೀ’ ಎನ್ನುತ್ತಿದ್ದರು, ‘ಬಾರವಾ, ನೋಡವಾ’ ಎನ್ನುತ್ತಿದ್ದರು. ‘ನೋಡ್ರಿ ಬಾಯಾರ’ ಎಂದರೋ, ಮುಗಿಯಿತು, ಎಲ್ಲೋ ದೊಡ್ಡ ತಪ್ಪಾಗಿದೆ ಎಂದು ಅರ್ಥ. ಆಸ್ಪತ್ರೆಯ ಸ್ವೀಪರ್‌ನಿಂದ ಹಿಡಿದು ದೊಡ್ಡ ಡಾಕ್ಟರರ ತನಕ ಎಲ್ಲರೂ ಅವರ ಬಾಯಿಂದ ಬಹುವಚನ ಬಂದರೆ ಬೆವರುತ್ತಿದ್ದರು.

ನಾನು ಅದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಹದಿನೆಂಟು ವರ್ಷ ರಿಜಿಸ್ಟರ್ ಬರೆದವಳು. ಹಳ್ಳಿಹಳ್ಳಿಗಳಲ್ಲಿ ಕಣ್ಣಿನ ಶಿಬಿರ ಆದಾಗ ಬರುವ ಹೆಸರುಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದು ಇಡುವುದು ನನ್ನ ಕೆಲಸ. ಎಲ್ಲ ಕಂಪ್ಯೂಟರಿಗೆ ಹೋದ ಮೇಲೆ ದುಂಡಗಿನ ಅಕ್ಷರ ಯಾರಿಗೆ ಬೇಕು? ಒಂದು ದಿನ ಮ್ಯಾನೇಜರ್ ಕರೆದು, ಅಕ್ಕೋರು ಎಂಟು ತಿಂಗಳಲ್ಲಿ ನಿವೃತ್ತರಾಗುತ್ತಾರೆ, ಅಷ್ಟರಲ್ಲಿ ಆ ಕೆಲಸ ಕಲಿತರೆ ಅವರ ಖುರ್ಚಿ ನಿಮಗೆ, ಇಲ್ಲದಿದ್ದರೆ ದಾಖಲೆ ಕೋಣೆಯಲ್ಲಿ ಇನ್ನು ಹುದ್ದೆಯೇ ಇಲ್ಲ ಎಂದರು. ಬಹಳ ನಯವಾಗಿಯೇ ಹೇಳಿದರು. ಯಜಮಾನರ ಅಂಗಡಿ ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು. ಮಗಳು ಪಿಯುಸಿಯಲ್ಲಿದ್ದಳು. ಮನೆ ನಡೆಯುತ್ತಿದ್ದದ್ದು ನನ್ನ ಪಗಾರದ ಮೇಲೆ. ನನಗೆ ಆಗ ನಲವತ್ತಾರು. ಇನ್ನೆಲ್ಲಿ ಹೋಗಿ ಕೆಲಸ ಕೇಳಲಿ?

ಮೊದಲ ಎಂಟು ದಿನ ಅಕ್ಕೋರು ನನಗೆ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಬಾಯಿಯಲ್ಲೇ ಪ್ರಶ್ನೆ ಕೇಳಿಸುತ್ತಿದ್ದರು. ಹೆಬ್ಬಳ್ಳಿಯ ಜನರನ್ನು ತೋರಿಸು ಎಂದು ನಾನೆಂದರೆ, ಹೆಬ್ಬಳ್ಳಿಯ ಜನ ಎಂದರೆ ಯಾರು, ಅಲ್ಲಿ ಇರುವವರೋ, ಅಲ್ಲಿನ ಶಿಬಿರಕ್ಕೆ ಬೇರೆ ಊರಿನಿಂದ ಬಂದವರೂ ಸೇರಿಯೋ ಎಂದು ಕೇಳುವರು. ಇರುವವರು ಎಂದರೆ, ಈಗ ಇರುವವರೋ, ತೀರಿಹೋದವರೂ ಬೇಕೋ? ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕಲಿಸಲು ಮನಸ್ಸಿಲ್ಲದೆ ಸತಾಯಿಸುತ್ತಿದ್ದಾರೆ ಎಂದು ಮನೆಯಲ್ಲಿ ಹೇಳಿಕೊಂಡು ಅತ್ತಿದ್ದೆ.

ಕೊನೆಗೆ ಕಂಪ್ಯೂಟರಿನ ಮುಂದೆ ಕೂರಿಸಿದ ದಿನ ಅವರು ಮಾಡಿದ ಮೊದಲ ಕೆಲಸ, ಹಳೆಯ ಸ್ಟ್ಯಾಂಪ್ ಪ್ಯಾಡಿನ ತಗಡಿನ ಮುಚ್ಚಳ ತಂದು ಎಂಟರ್ ಕೀಲಿಯ ಮೇಲೆ ಮಗುಚಿಟ್ಟದ್ದು. ಪ್ರಶ್ನೆ ಬರೆಯಬೇಕು. ಆಮೇಲೆ ಪಕ್ಕದ ಚೀಟಿಯಲ್ಲಿ, ಉತ್ತರವಾಗಿ ಎಷ್ಟು ಹೆಸರು ಬರಬಹುದು ಎಂದು ಪೆನ್ಸಿಲಿನಲ್ಲಿ ಬರೆಯಬೇಕು. ಆಮೇಲೆಯೇ ಮುಚ್ಚಳ ತೆಗೆದು ಎಂಟರ್ ಒತ್ತಬೇಕು. ಕಂಪ್ಯೂಟರ್ ಹೇಳಿದ್ದೂ ನಾನು ಬರೆದದ್ದೂ ದೂರ ದೂರ ಇದ್ದರೆ ಕಂಪ್ಯೂಟರನ್ನು ನಂಬಕೂಡದು, ನನ್ನನ್ನೂ ನಂಬಕೂಡದು, ರಿಜಿಸ್ಟರ್ ತೆಗೆದು ನೋಡಬೇಕು. ಇದು ಯಾವ ಪುಸ್ತಕದಲ್ಲಿದೆ ಎಂದು ಒಮ್ಮೆ ಕೇಳಿದ್ದೆ. ಯಾವ ಪುಸ್ತಕದಲ್ಲೂ ಇರಲಿಲ್ಲ.

ಒಂದು ಅಲ್ಪವಿರಾಮ ತಪ್ಪಿದರೆ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಬೈಗುಳ. ಏನು ಬೇಕು ಎಂದು ಮೊದಲೇ ಹೇಳಿ, ಎಲ್ಲಿಂದ ಎಂದು ಆಮೇಲೆ ಹೇಳಿ, ಎಂಥದ್ದು ಎಂದು ಕೊನೆಗೆ ಹೇಳುವ ಆ ಕ್ರಮ ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ರೋಗಿಗಳ ಪಟ್ಟಿಯನ್ನೂ ಡಾಕ್ಟರರ ಪಟ್ಟಿಯನ್ನೂ ಜೋಡಿಸು ಎಂದಾಗ, ಯಾವುದರ ಮೇಲೆ ಜೋಡಿಸಬೇಕೆಂದು ಹೇಳುವುದನ್ನೇ ಮರೆತೆ. ಲಕ್ಷಗಟ್ಟಲೆ ಸಾಲು ಬಂದು ಕಂಪ್ಯೂಟರ್ ನಿಂತುಬಿಟ್ಟಿತು. ಅಕ್ಕೋರು ಹಣೆ ಒತ್ತಿಕೊಂಡು, ಲಗ್ನದಲ್ಲಿ ಗಂಡಿನ ಕಡೆಯವರೆಲ್ಲ ಹೆಣ್ಣಿನ ಕಡೆಯವರಿಗೆಲ್ಲ ಒಬ್ಬೊಬ್ಬರಾಗಿ ಕೈಮುಗಿಯುತ್ತ ನಿಂತ ಹಾಗಾಯಿತು, ಇನ್ನು ಊಟ ಯಾವಾಗ ಎಂದರು. ಪಕ್ಕದ ಮೇಜಿನವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕೈಯಲ್ಲಿ ಇದು ಆಗುವುದಿಲ್ಲ ಎಂಬುದು ನನಗೆ ದಿನದಿನವೂ ಖಾತ್ರಿಯಾಗುತ್ತಿತ್ತು.

ಒಂದು ಪಾಠ ಮಾತ್ರ ಆಗಲೇ ಮನಸ್ಸಿಗೆ ನಾಟಿತು. ಪಟ್ಟಿಯಲ್ಲಿ ಕೆಲವು ಮನೆಗಳು ಖಾಲಿ ಇರುತ್ತವೆ. ತಂದೆಯ ಹೆಸರಿನ ಜಾಗ ಖಾಲಿ, ವಯಸ್ಸಿನ ಜಾಗ ಖಾಲಿ. ಆ ಖಾಲಿಯನ್ನು ನಾನು ಸೊನ್ನೆ ಎಂದುಕೊಂಡಿದ್ದೆ. ಅಕ್ಕೋರು ಬೈಯದೆ, ಅಪರೂಪಕ್ಕೆ ಮೆತ್ತಗೆ ಹೇಳಿದರು: “ಖಾಲಿ ಅಂದ್ರ ಇಲ್ಲ ಅಂತಲ್ಲವಾ. ನಾವು ಕೇಳಿಲ್ಲ ಅಂತ.” ಸಿಬ್ಬಂದಿಯ ಅರ್ಜಿಯಲ್ಲಿ ಅವರ ಗಂಡನ ಹೆಸರಿನ ಜಾಗವೂ ಖಾಲಿ ಇತ್ತು. ಹೊಸದಾಗಿ ಬಂದ ಕಚೇರಿಯ ಹುಡುಗಿಯೊಬ್ಬಳು ಅದನ್ನು ನೋಡಿ ಪಾಪ ಎಂದಿದ್ದಳಂತೆ. ನೀವು ಕೇಳಲಿಲ್ಲ, ಪಾಪ ಅಂದ್ರಿ ಎಂದು ಅವಳ ಮೇಲೆ ಅಕ್ಕೋರು ಹರಿಹಾಯ್ದದ್ದು ಆಸ್ಪತ್ರೆಯಲ್ಲಿ ಬಹಳ ದಿನ ಮಾತಾಗಿತ್ತು.

ಮೂರನೇ ತಿಂಗಳು ಮುಗಿಯುತ್ತಿದ್ದಾಗ ಅಕ್ಕೋರು ಜ್ವರ ಬಂದು ನಾಲ್ಕು ದಿನ ರಜೆ ಹಾಕಿದರು. ಅದೇ ವಾರ ಮ್ಯಾನೇಜರಿಗೆ ಶಸ್ತ್ರಚಿಕಿತ್ಸೆಯ ಪಟ್ಟಿ ಬೇಕಾಗಿತ್ತು. ಹಳ್ಳಿಯ ಜನ ಒಂದು ಶಿಬಿರದಲ್ಲಿ ಹೆಸರು ಬರೆಸಿ, ಕರೆ ಬರುವುದು ತಡವಾದರೆ ಮುಂದಿನ ಶಿಬಿರದಲ್ಲೂ ಬರೆಸುತ್ತಾರೆ. ಹಾಗಾಗಿ ಒಬ್ಬರೇ ಎರಡು ಸಲ ಪಟ್ಟಿಯಲ್ಲಿರುತ್ತಾರೆ. ಎರಡನೆಯ ಸಲದ್ದನ್ನು ಅಳಿಸಬೇಕು, ನಿಮಗೆ ಬರುತ್ತದೆಯೇ ಎಂದು ಮ್ಯಾನೇಜರ್ ಕೇಳಿದರು. ಅವರ ಮುಖದಲ್ಲಿ ನಂಬಿಕೆ ಇರಲಿಲ್ಲ. ನನಗೆ ಮಗಳ ಕಾಲೇಜು ಕಣ್ಣ ಮುಂದೆ ಬಂತು.

“ಬರತೈತ್ರಿ,” ಎಂದೆ.

ಬರೆದೆ. ಒಂದೇ ಹೆಸರು, ಮನೆತನದ ಒಂದೇ ಅಡ್ಡಹೆಸರು, ಒಂದೇ ಊರು, ಒಂದೇ ವಯಸ್ಸು, ಒಂದೇ ಮೊಬೈಲ್ ನಂಬರು, ಇಷ್ಟೂ ಹೊಂದಿದರೆ ಮೊದಲು ಬರೆಸಿದ್ದನ್ನು ಉಳಿಸು, ಉಳಿದದ್ದನ್ನು ಅಳಿಸು. ಇನ್ನೆಷ್ಟು ಖಾತ್ರಿ ಬೇಕು? ಮ್ಯಾನೇಜರ್ ಬೆನ್ನ ಹಿಂದೆ ನಿಂತಿದ್ದರು. ಅವರ ಮುಂದೆ ಪೆನ್ಸಿಲ್ ಹಿಡಿದು ಬಾಲವಾಡಿಯ ಮಗುವಿನ ಹಾಗೆ ಚೀಟಿ ಬರೆಯಲು ನಾಚಿಕೆಯಾಯಿತು. ಮುಚ್ಚಳ ಬದಿಗೆ ಸರಿಸಿ ಒತ್ತಿದೆ. ನಲವತ್ಮೂರು ಸಾಲು ಅಳಿಸಿದೆ ಎಂದು ಬಂತು. ಒಂದೂ ಕೆಂಪು ಅಕ್ಷರವಿಲ್ಲ. ಮ್ಯಾನೇಜರ್ ಶಾಬಾಸ್ ಎಂದರು. ಆ ಸಂಜೆ ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಹೋದೆ. ಮರಳಿ ಬಂದ ಅಕ್ಕೋರಿಗೆ, ಹೋದ ವಾರ ಮ್ಯಾನೇಜರ್ ಸಣ್ಣದೊಂದು ಕೆಲಸ ಹೇಳಿದ್ದರು, ಮಾಡಿದೆ ಎಂದಷ್ಟೇ ಹೇಳಿದೆ.

ಮತ್ತೆ ಮೂರು ತಿಂಗಳಾಗಿರಬೇಕು. ಹೆಬ್ಬಳ್ಳಿಯಿಂದ ಒಬ್ಬ ಹಿರಿಯರನ್ನು ಅವರ ಮನೆಯವರು ಎತ್ತಿಕೊಂಡೇ ತಂದರು. ಬಲಗಣ್ಣು ಕೆಂಪಗೆ ಊದಿತ್ತು. ನೋವಿಗೆ ಗೋಡೆಗೆ ತಲೆ ಒತ್ತಿ ಕೂತಿದ್ದರು. ಪೊರೆ ಹಣ್ಣಾಗಿ ಒಳಗೆ ಸೋರಿ, ಒತ್ತಡ ಏರಿ, ಆ ಕಣ್ಣು ಹೋಗಿದೆ ಎಂದು ಡಾಕ್ಟರ್ ಹೇಳಿದರು. ಯಾಕೆ ಇಷ್ಟು ತಡ ಮಾಡಿದಿರಿ, ಶಿಬಿರದಲ್ಲಿ ಹೆಸರು ಬರೆಸಲಿಲ್ಲವೇ ಎಂದು ಗದರಿದರು. ಜೊತೆಗೆ ಬಂದಿದ್ದ ಚಿಕ್ಕಪ್ಪನ ಮಗ, ಅವರೂ ಅಷ್ಟೇ ವಯಸ್ಸಿನವರು, ಹೇಳಿದರು: “ಬರಸಿದ್ದನ್ರಿ. ದವಾಖಾನಿ ಗಾಡಿ ಬಂದ ದಿನ ಪಟ್ಟಿಯಾಗ ನಿಂಗಪ್ಪ ಒಬ್ಬನ ಇದ್ದ. ನಾನೂ ನಿಂಗಪ್ಪ, ಇಂವ ನಮ್ಮಣ್ಣನೂ ನಿಂಗಪ್ಪ. ನೀ ಹೋಗು, ನಂದು ಮುಂದಿನ ಗಾಡಿಗೆ ಬರತೈತಿ ಅಂದ. ಕಾಯ್ಕೋತ ಕುಂತ.”

ದಾಖಲೆ ನೋಡಲು ಚೀಟಿ ನನ್ನ ಮೇಜಿಗೆ ಬಂತು. ನೋಡುವ ಅಗತ್ಯವೇ ಇರಲಿಲ್ಲ, ಆದರೂ ಎರಡೂ ಶಿಬಿರದ ರಿಜಿಸ್ಟರ್ ತೆಗೆದೆ. ಇಬ್ಬರಿಗೂ ಅರವತ್ತೈದು. ಇಬ್ಬರೂ ಬರೆಸಿದ್ದು ಮನೆಯ ಒಂದೇ ಮೊಬೈಲ್ ನಂಬರು. ಒಬ್ಬರು ಮೊದಲ ಶಿಬಿರದಲ್ಲಿ, ಇನ್ನೊಬ್ಬರು ಎರಡನೆಯದರಲ್ಲಿ. ತಂದೆಯ ಹೆಸರಿನ ಜಾಗ ಎರಡೂ ಕಡೆ ಖಾಲಿ.

ಅಕ್ಕೋರ ಬಳಿ ಹೋಗಿ ನಿಂತೆ. ಹೇಗೋ ಹೇಳಿದೆ. ಅವರು ಎಷ್ಟು ಮಂದಿ ಎಂದು ಕೇಳಿದರು. ನಲವತ್ಮೂರು ಎಂದೆ. ಒತ್ತುವ ಮೊದಲು ಚೀಟಿಯಲ್ಲಿ ಬರೆದಿದ್ದೆಯಾ ಎಂದು ಕೇಳಲಿಲ್ಲ. ಬರೆದಿದ್ದಿರಾ ಎಂದು ಕೇಳಿದರು. ಆ ಬಹುವಚನವೊಂದೇ ಸಾಕಾಯಿತು. ಅವರ ಕೈ ಹಿಡಿದು, ಯಾರಿಗೂ ಹೇಳಬೇಡಿ, ನನ್ನ ಮನೆ ಹಾಳಾಗುತ್ತದೆ ಎಂದು ಬೇಡಿಕೊಂಡೆ. ಹೌದು, ಒಬ್ಬ ಮನುಷ್ಯ ಕಣ್ಣು ಕಳೆದುಕೊಂಡು ಪಕ್ಕದ ಕೋಣೆಯಲ್ಲಿ ನರಳುತ್ತಿದ್ದಾಗ ನಾನು ಕೇಳಿದ್ದು ಇದನ್ನೇ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

“ನಾ ಹೇಳಾಂಗಿಲ್ಲರಿ,” ಎಂದರು ಅಕ್ಕೋರು. “ನೀವ ಹೇಳ್ರಿ.”

ಎರಡು ದಿನ ನಾನು ಹೇಳಲಿಲ್ಲ. ಆ ಎರಡು ದಿನ ಅವರು ನನ್ನೊಡನೆ ಒಂದೂ ಮಾತಾಡಲಿಲ್ಲ, ಬೇರೆ ಯಾರೊಡನೆಯೂ ಇದರ ಬಗ್ಗೆ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಹೋಗಿ ಹೇಳಿದೆ. ಅವರೂ ಬೆದರಿದರು. ಕೆಲಸ ಹೇಳಿದವರು ಅವರೇ ತಾನೆ. ಸ್ವಲ್ಪ ಯೋಚಿಸಿ, ರೋಗಿ ಶಸ್ತ್ರಚಿಕಿತ್ಸೆಗೆ ಬರಲಿಲ್ಲ ಎಂದು ದಾಖಲೆಯಲ್ಲಿ ಬರೆದುಬಿಡಿ ಎಂದರು. ನನಗೆ ಜೀವ ಬಂದ ಹಾಗಾಯಿತು. ಬಾಗಿಲಲ್ಲಿ ಅಕ್ಕೋರು ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ.

“ಬರಲಿಲ್ಲ ಅಂತ ಬರೀಬ್ಯಾಡ್ರಿ ಸಾಹೇಬ್ರ,” ಎಂದರು. “ನಾವು ಕರೀಲಿಲ್ಲ ಅಂತ ಬರೀರಿ.”

ಹಾಗೇ ಬರೆಯಲಾಯಿತು. ನನಗೂ ಅಕ್ಕೋರಿಗೂ ಮೆಮೋ ಬಂತು. ಅವರು ತಮ್ಮದನ್ನು ಓದದೆ ಸಹಿ ಮಾಡಿ, ಬರ್ರಿ ಎಂದು ನನ್ನನ್ನು ದಾಖಲೆ ಕೋಣೆಗೆ ಕರೆದೊಯ್ದರು. ಕಂಪ್ಯೂಟರಿನಲ್ಲಿ ಹಳೆಯ ಪ್ರತಿ ಒಂದು ತಿಂಗಳವರೆಗೆ ಮಾತ್ರ ಇರುತ್ತಿತ್ತು, ಅದು ಎಂದೋ ಹೋಗಿತ್ತು. ಉಳಿದದ್ದು ನಾನೇ ಕೈಯಾರೆ ಬರೆದ ರಿಜಿಸ್ಟರುಗಳು. ಒಂಬತ್ತು ದಿನ ಇಬ್ಬರೂ ಧೂಳಿನಲ್ಲಿ ಕೂತು ಒಂದೊಂದೇ ಹೆಸರು ಹುಡುಕಿದೆವು, ಒಂದೊಂದೇ ಮನೆಗೆ ಫೋನು ಮಾಡಿದೆವು. ಹೆಚ್ಚಿನವರು ನಿಜವಾಗಿಯೂ ಎರಡು ಸಲ ಬರೆಸಿದವರೇ. ಆರು ಮಂದಿ ಮಾತ್ರ ಬೇರೆ ಬೇರೆ ಮನುಷ್ಯರು. ಅವರಲ್ಲಿ ಐವರು ಇನ್ನೂ ಕಾಯುತ್ತಿದ್ದರು, ಅವರನ್ನು ಕೂಡಲೇ ಕರೆಸಿದೆವು. ಆರನೆಯವರು ನಿಂಗಪ್ಪ.

ಆ ಭಾನುವಾರ ಅಕ್ಕೋರು ನನ್ನನ್ನು ಹೆಬ್ಬಳ್ಳಿಗೆ ಹೊರಡಿಸಿದರು. ಧಾರವಾಡದಲ್ಲಿ ಬಸ್ಸು ಬದಲಿಸುವಾಗ, ತಲೆ ಸುತ್ತುತ್ತಿದೆ, ಹಿಂತಿರುಗೋಣ ಎಂದೆ. ಅವರು ಕೇಳಿಸದವರ ಹಾಗೆ ಮುಂದಿನ ಬಸ್ಸು ಹತ್ತಿದರು. ನಿಂಗಪ್ಪನವರ ಮನೆಯಲ್ಲಿ ಹಿರಿಯ ಹೆಂಗಸೊಬ್ಬರು ನೀರು, ಬೆಲ್ಲ ತಂದಿಟ್ಟರು. ನಿಮ್ಮ ಮನೆತನದಲ್ಲಿ ನಿಂಗಪ್ಪ ಎನ್ನುವವರು ಎಷ್ಟು ಮಂದಿ ಎಂದು ಅಕ್ಕೋರು ಅವರನ್ನು ಕೇಳಿದರು. ನಾಲ್ವರು ಎಂದರು ಅವರು, ಅದರಲ್ಲೇನು ವಿಶೇಷ ಎನ್ನುವ ದನಿಯಲ್ಲಿ. ಅಜ್ಜನ ಹೆಸರು ನಿಂಗಪ್ಪ. ಅಜ್ಜನಿಗೆ ನಾಲ್ಕು ಗಂಡುಮಕ್ಕಳು. ನಾಲ್ವರೂ ತಮ್ಮ ಮೊದಲ ಮಗನಿಗೆ ಅಪ್ಪನ ಹೆಸರಿಟ್ಟರು. ಮನೆಯಲ್ಲಿ ಒಬ್ಬ ದೊಡ್ಡಾಂವ, ಒಬ್ಬ ಸಣ್ಣಾಂವ, ಒಬ್ಬ ಹೊಲದಾಂವ, ಒಬ್ಬ ಸಾಲಿ ಕಲಿತಾಂವ.

ಅಕ್ಕೋರು ನನ್ನ ಕಡೆ ತಿರುಗಿ, ನಿಮ್ಮ ಯಜಮಾನರ ಹೆಸರಿನವರು ನಿಮ್ಮ ಮನೆತನದಲ್ಲಿ ಇನ್ನಾರಾದರೂ ಇದ್ದಾರೆಯೇ ಎಂದರು. ಇದ್ದಾರೆ. ನಮ್ಮ ದೊಡ್ಡ ಮಾವನ ಮಗ. ಅದೇ ಹೆಸರು, ಅದೇ ಅಡ್ಡಹೆಸರು, ಮೊದಲು ಅದೇ ಮನೆ. ಮದುವೆಯಾದ ಹೊಸದರಲ್ಲಿ ಅವರ ಕಾಗದ ಒಡೆದು ಓದಿ ನಾನು ಬೈಸಿಕೊಂಡದ್ದೂ ಉಂಟು.

“ಮನ್ಯಾಗ ಇದ್ದ ಬುದ್ಧಿ ಆಫೀಸಿಗೆ ಬರೂಮುಂದ ಎಲ್ಲಿ ಇಟ್ಟು ಬಂದ್ರಿ ಬಾಯಾರ?” ಎಂದರು.

ಅವರ ಬೈಗುಳದಲ್ಲಿ ಇದಕ್ಕಿಂತ ಕಠಿಣವಾದದ್ದನ್ನು ನಾನು ಕೇಳಿಲ್ಲ. ಯಾವ ಪರದೇಶದವಳಾದರೂ ಮಾಡಬಹುದಾದ ತಪ್ಪನ್ನು ಈ ಮಣ್ಣಿನಲ್ಲೇ ಹುಟ್ಟಿ, ಈ ಮಣ್ಣಿನಲ್ಲೇ ಸೊಸೆಯಾದವಳು ಮಾಡಿದ್ದೆ. ಕಂಪ್ಯೂಟರಿಗೆ ನಮ್ಮ ಮನೆಗಳು ಗೊತ್ತಿಲ್ಲ. ನನಗೆ ಗೊತ್ತಿತ್ತು.

ನಿಂಗಪ್ಪನವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ನಾನು ಕಾಲಿಗೆ ಬಿದ್ದು, ಅಳಿಸಿದವಳು ನಾನೇ ಎಂದೆ. ಅವರಿಗೆ ಅಳಿಸುವುದು ಎಂದರೇನೆಂದು ಅರ್ಥವಾಗಲಿಲ್ಲ, ಆ ಚಿಕ್ಕಪ್ಪನ ಮಗ ಬಿಡಿಸಿ ಹೇಳಿದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಡಗಣ್ಣಿನಲ್ಲೂ ಪೊರೆ ಇದೆ, ಅದನ್ನಾದರೂ ಬೇಗ ತೆಗೆಸಬೇಕು, ನಾಳೆಯೇ ಬನ್ನಿ ಎಂದು ಅಕ್ಕೋರು ಹೇಳಿದಾಗ ಮಾತ್ರ ಬಾಯಿ ತೆರೆದರು.

“ಉಳದದ್ದು ಒಂದ ಐತ್ರಿ ಯವ್ವಾ. ಅದನ್ನ ನಿಮ್ಮ ಕೈಯಾಗ ಹೆಂಗ ಕೊಡ್ಲಿ?”

ನಾನು ಮತ್ತೆ ಅಲ್ಲಿಗೆ ಹೋಗಲಾರೆ ಎಂದೆ. ಅಕ್ಕೋರು ಮುಂದಿನ ಭಾನುವಾರ ಒಬ್ಬರೇ ಹೋದರು. ಬಾಗಿಲ ತನಕ ಹೋಗಿ ತಿರುಗಿ ಬಂದರು. ಅದರ ಮುಂದಿನ ಭಾನುವಾರವೂ ಹೋದರು. ಆ ಸಲ ನಿಂಗಪ್ಪನವರು ಅವರ ಜೊತೆಗೇ ಬಸ್ಸಿನಲ್ಲಿ ಬಂದರು. ಎಡಗಣ್ಣಿನ ಶಸ್ತ್ರಚಿಕಿತ್ಸೆ ಸರಿಯಾಯಿತು. ಪಟ್ಟಿ ಬಿಚ್ಚಿದ ದಿನ ಅವರು ನನ್ನ ಮೇಜಿನ ಮುಂದೆಯೇ ಹಾದುಹೋದರು, ನನ್ನ ಕಡೆ ನೋಡಲಿಲ್ಲ. ನೋಡಬೇಕು ಎಂದು ನಾನು ಯಾವ ಬಾಯಿಂದ ಬಯಸಲಿ?

ಅಕ್ಕೋರ ನಿವೃತ್ತಿಗೆ ಒಂದು ವಾರ ಉಳಿದಾಗ ಮ್ಯಾನೇಜರ್ ಇಬ್ಬರನ್ನೂ ಕರೆದರು. ಇವರಿಗೆ ಕೆಲಸ ಬರುತ್ತದೆಯೇ ಎಂದು ಅಕ್ಕೋರನ್ನು ಕೇಳಿದರು. ಇಷ್ಟೆಲ್ಲ ಆದ ಮೇಲೂ, ಅವರು ಹೌದು ಎನ್ನುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಒಂಬತ್ತು ದಿನ ಒಂದೇ ಧೂಳು ತಿಂದವರಲ್ಲವೇ.

“ಇಲ್ಲರಿ. ಆಕಿಗೆ ಇನ್ನಾ ಬರೂದಿಲ್ಲ,” ಎಂದುಬಿಟ್ಟರು.

ಸಂಜೆ ಬಸ್ ಸ್ಟಾಪಿನಲ್ಲಿ ಅವರನ್ನು ಅಡ್ಡಗಟ್ಟಿದೆ. ನನ್ನ ಅನ್ನದ ಮೇಲೆ ಮಣ್ಣು ಹಾಕಿದಿರಿ ಎಂದೆ. ನಿಮಗೇನು, ಗಂಡನಿಲ್ಲ, ಮಕ್ಕಳಿಲ್ಲ ಎಂದೂ ಅಂದೆ. ಸುತ್ತ ಜನ ನೋಡುತ್ತಿದ್ದರು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಸಾಹೇಬ್ರು ಖರೇ ಕೇಳಿದ್ರು, ಖರೇ ಹೇಳಿದೆ. ಬರತೈತಿ ಅಂತ ನೀವ ಒಮ್ಮೆ ಅಂದಿದ್ರಿ ಬಾಯಾರ. ಆ ಹಿರಿಯಾರ ಕಣ್ಣು ಹೋತು.”

ಬಸ್ಸು ಬಂತು, ಹತ್ತಿ ಹೋದರು. ನಾನು ಕಮರಿಪೇಟೆಯ ತನಕ ನಡೆದೇ ಹೋದೆ. ದಾರಿಯುದ್ದಕ್ಕೂ ಅವರಿಗೆ ಶಾಪ ಹಾಕಿದೆ.

ಮರುದಿನ ಗೊತ್ತಾಯಿತು, ಅದೇ ಕೋಣೆಯಲ್ಲಿ ನಾನು ಹೊರಬಿದ್ದ ಮೇಲೆ ಅವರು ಇನ್ನೊಂದು ಮಾತು ಹೇಳಿದ್ದರು. ಇನ್ನು ಮೂರು ತಿಂಗಳು ನಾನು ಬರುತ್ತೇನೆ, ಪಗಾರ ಬೇಡ, ಅಲ್ಲಿಯ ತನಕ ಆ ಜಾಗಕ್ಕೆ ಬೇರೆಯವರನ್ನು ತರಬೇಡಿ ಎಂದು ಬರೆದುಕೊಟ್ಟಿದ್ದರು. ಅವರಿಗೆ ಆಗಲೇ ಎದೆಯ ತೊಂದರೆ ಇತ್ತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು. ಮನೆಯಲ್ಲಿ ಸುಮ್ಮನೆ ಇರಬೇಕೆಂದು ಡಾಕ್ಟರ್ ಹೇಳಿದ್ದರಂತೆ. ಅವರ ತಂಗಿ ಒಂದು ದಿನ ಆಸ್ಪತ್ರೆಗೇ ಬಂದು, ನಮ್ಮಕ್ಕನನ್ನು ನೀವು ಬಿಡುವುದಿಲ್ಲವೇನು ಎಂದು ನನ್ನ ಮೇಲೆ ಜಗಳ ತೆಗೆದರು. ಬಿಟ್ಟರೆ ನಾನು ಬೀದಿಗೆ ಬೀಳುತ್ತಿದ್ದೆ. ‘ಬ್ಯಾಡ ಅಕ್ಕೋರ, ಮನಿಗೆ ಹೋಗ್ರಿ’ ಎಂದು ನಾನು ಒಂದು ದಿನವೂ ಹೇಳಲಿಲ್ಲ.

ಆ ಮೂರು ತಿಂಗಳಲ್ಲಿ ಅವರು ಪರದೆಯನ್ನು ನೋಡುವುದನ್ನು ಬಿಟ್ಟಿದ್ದರು. ಖುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೂರುವರು. ನಾನು ಬರೆದ ಪ್ರಶ್ನೆಯನ್ನು, ಅವರ ಮಾತಿನಲ್ಲಿ ಕ್ವೆರಿಯನ್ನು, ಒಂದೊಂದೇ ಪದವಾಗಿ ಓದಿ ಹೇಳಬೇಕು. ಎಲ್ಲಿ ತಪ್ಪಿದೆಯೋ ಅಲ್ಲಿ ಬೆರಳು ಎತ್ತುವರು. ಏನು ತಪ್ಪು ಎಂದು ಹೇಳುತ್ತಿರಲಿಲ್ಲ. ನಾನು ಬೆವರಿ, ತಿದ್ದಿ, ಮತ್ತೆ ಓದಬೇಕು. ಒಂದೊಂದು ದಿನ ಇಪ್ಪತ್ತು ಸಲ ಬೆರಳು ಏಳುತ್ತಿತ್ತು. ಅವರ ಉಸಿರಿನ ಸದ್ದು ಕೇಳಿಸುತ್ತಿತ್ತು. ಇವರು ನನ್ನ ಮುಂದೆಯೇ ಸತ್ತರೆ ಎಂಬ ಹೆದರಿಕೆ ಒಂದು ಕಡೆ, ಇವರು ಸತ್ತರೆ ನನಗೆ ಕಲಿಸುವವರಾರು ಎಂಬ ಸ್ವಾರ್ಥ ಇನ್ನೊಂದು ಕಡೆ. ಕೊನೆಯ ವಾರ ಬೆರಳು ದಿನಕ್ಕೆ ಒಂದೆರಡು ಸಲ ಮಾತ್ರ ಎದ್ದಿತು.

ಕೊನೆಯ ದಿನ ಮ್ಯಾನೇಜರ್ ನಮ್ಮ ಮೇಜಿನ ಬಳಿಗೇ ಬಂದು, ಈಗಲಾದರೂ ಬರುತ್ತದೆಯೇ ಎಂದು ಅಕ್ಕೋರನ್ನು ಕೇಳಿದರು. ಅಕ್ಕೋರು ಕೇಳಿಸದವರ ಹಾಗೆ ತಮ್ಮ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವರು ಉತ್ತರ ಕೊಡುವುದಿಲ್ಲ ಎಂದು ನನಗೆ ತಿಳಿಯಿತು. ಮ್ಯಾನೇಜರ್ ನನ್ನ ಕಡೆ ತಿರುಗಿದರು. ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಪೂರ್ತಿ ಬರೂದಿಲ್ಲರಿ,” ಎಂದೆ. “ಬರಲಾರದ್ದು ಇವರನ್ನ ಕೇಳಿ ಮಾಡ್ತೇನಿ.”

ಮ್ಯಾನೇಜರ್ ಏನೋ ಹೇಳಲು ಹೊರಟರು. ಅಕ್ಕೋರು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು, ತಮ್ಮ ಖುರ್ಚಿಯನ್ನು ನನ್ನ ಕಡೆ ದೂಡಿದರು.

“ಕುಂದ್ರು ಬಾರವಾ,” ಎಂದರು. ಐದು ತಿಂಗಳಾಗಿತ್ತು, ಅವರ ಬಾಯಿಂದ ‘ಬಾರವಾ’ ಕೇಳಿ.

ಆಮೇಲೆ ಐದು ತಿಂಗಳು ದಿನಕ್ಕೊಮ್ಮೆಯಾದರೂ ಫೋನು ಮಾಡುತ್ತಿದ್ದೆ. ಹೇಗಿದ್ದೀರಿ ಎಂದರೆ ಸಿಡುಕುತ್ತಿದ್ದರು, ಮೊದಲು ಕ್ವೆರಿ ಓದು ಎನ್ನುತ್ತಿದ್ದರು. ದನಿ ಸಣ್ಣದಾಗುತ್ತ ಬಂದದ್ದು ಗೊತ್ತಾಗುತ್ತಿತ್ತು. ಬೈರಿದೇವರಕೊಪ್ಪವೇನು ದೂರವಲ್ಲ. ಹೋಗಿ ನೋಡಿಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಬಸ್ ಸ್ಟಾಪಿನಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎಂದು ಎದುರಿಗೆ ನಿಂತು ಹೇಳಬೇಕಾಗಿತ್ತು. ಹೋಗಲಿಲ್ಲ, ಹೇಳಲಿಲ್ಲ.

ಅವರು ಹೋದ ಆರನೇ ದಿನ, ತೀರಿಹೋದ ರೋಗಿಗಳ ಹೆಸರನ್ನು ಕರೆಯುವ ಪಟ್ಟಿಯಿಂದ ತೆಗೆಯಬೇಕೆಂದು ಮೇಲಿನಿಂದ ಕಾಗದ ಬಂತು. ಅಳಿಸುವ ಕೆಲಸ. ಸಾಲು ಬರೆದೆ. ಒಂದು ಕಡೆ ಅನುಮಾನ ಬಂದು ಕೈ ತಾನಾಗಿಯೇ ಮೊಬೈಲ್ ಎತ್ತಿ ಅಕ್ಕೋರ ನಂಬರು ಒತ್ತಿತು. ಆ ಕಡೆಯಿಂದ ಹಲೋ ಎಂದಾಗಲೂ ನಾನು ಓದಲು ಶುರು ಮಾಡಿಯೇಬಿಟ್ಟಿದ್ದೆ. ಎರಡು ಪದ ಓದಿದ ಮೇಲೆ, ಅದು ಅವರ ತಂಗಿಯ ದನಿ ಎಂದು ಹೊಳೆಯಿತು.

ಅವರು ಫೋನು ಇಡಲಿಲ್ಲ. “ಓದು ಮುಂದ,” ಎಂದರು. “ನನಗ ತಿಳಿಯೂದಿಲ್ಲ. ಆದ್ರೂ ಓದು, ಕೇಳ್ತೇನಿ.”

ಕೊನೆಯ ತನಕ ಓದಿದೆ. ಇಬ್ಬರೂ ಅಳುತ್ತಿದ್ದೆವು. ಸರಿಯೋ ತಪ್ಪೋ ಹೇಳುವವರು ಯಾರೂ ಇರಲಿಲ್ಲ. ಫೋನು ಇಟ್ಟು, ದಾಖಲೆ ಕೋಣೆಯ ಬೀಗದ ಕೈ ತೆಗೆದುಕೊಂಡು ರಿಜಿಸ್ಟರುಗಳ ಕಡೆಗೆ ಹೋದೆ. ಆ ದಿನ ನಾನು ಯಾರ ಹೆಸರನ್ನೂ ಅಳಿಸಲಿಲ್ಲ.